‘ದ್ವಿದಳ’ ಶಬ್ದದ ಅತಿವ್ಯಾಪ್ತಿ

ಗೋಮಾಳದ ಹುಲ್ಲಿನೊಡನೆ ಬೆಳೆಯಿಸತಕ್ಕ ಮೇವಿನ ಸಸ್ಯಗಳನ್ನು ಕುರಿತ ಕನ್ನಡ ಬರೆಹಗಳಲ್ಲಿ ‘ದ್ವಿದಳ’ವೆಂಬ ಪದವು ರೂಢಿಯಾಗಿದೆ. ಇದರ ಔಚಿತ್ಯವನ್ನು ವಿಮರ್ಶಿಸುವುದೇ ಪ್ರಕೃತ ಲೇಖನದ ಉದ್ದೇಶವು.

ಎರಡು ಬೇಳೆಗಳುಳ್ಳುದು ದ್ವಿದಳವೆಂದರೆ ಹತ್ತಿ, ಔಡಲಗಳೂ ದ್ವಿದಳಗಳೇ ಆಗುವುವು. ಆದರೆ ಬೇರಿನ ಗಂಟುಗಳಲ್ಲಿ ವಾಯುವಿನ ಸಾರಜನಕವನ್ನು ಹಿಡಿಯುವ ಗುಣವು ಅವಕ್ಕಿಲ್ಲ. ಆದುದರಿಂದ ಈ ಲಕ್ಷಣವು ಅತಿವ್ಯಾಪ್ತಿದೋಷದಿಂದ ಕೂಡಿದೆ. ಅಮರಸಿಂಹನು ಧಾನ್ಯಗಳನ್ನು ಶೂಕಧಾನ್ಯ, ಶಮೀಧಾನ್ಯಗಳೆಂದು ವಿಂಗಡಿಸಿದ್ದಾನೆ. ಶಮೀ ಎಂದರೆ ಬೀಜವನ್ನೊಳಗೊಂಡ ಕೋಡು. ಗುರುತು ಹೆಸರಿನಲ್ಲಿಯೇ ಇದೆ. ಆದರೂ ಧಾನ್ಯವಲ್ಲದ ಶಂಖಪುಷ್ಪದಂತಹ ಮೇವಿನ ಬಳ್ಳಿಯು ಅದರಿಂದ ಹೊರಗುಳಿಯುವುದರಿಂದ ಅಲ್ಲಿ ಅವ್ಯಾಪ್ತಿಯುಂಟು. ‘ಶಿಂಬೀಸಸ್ಯ’ವೆಂದರೆ ಎರಡು ದೋಷಗಳೂ ತಪ್ಪುವುವು.

ನೆಲದ ಹೆಸರಿನಲ್ಲಿಯೂ ಇಂತಹ ತೊಡಕಿದೆ. ಕೋಶಗಳ ‘ಊಷರ’ವು ಉಪ್ಪು ನೆಲವು, ಜನರು ಅದನ್ನು ಚೌಳೆನ್ನುವರು. ಹುಳಿಮಣ್ಣು ಇದಕ್ಕೆ ವಿರುದ್ಧವಾದುದು. ಎರಡನ್ನೂ ‘ನಿಸ್ಸಾರಭೂಮಿ’ ಎಂದು ಕರೆದರೆ ಅನರ್ಥವಾಗುವುದು. ಸಿರಿಗುಪ್ಪ ತಾಲೂಕಿನ ಕರೂರಿನ ಸೀಮೆಯದು ಸುಣ್ಣದಂಶವುಳ್ಳ ಎರೆನೆಲ. 1953ರಲ್ಲಿ ತುಂಗಭದ್ರೆಯ ಕಾಲುವೆಗಳಿಗೆ ನೀರು ಬಂದ ಮೇಲೆ, ಬಸಿಯದ ಕಡೆಗಳಲ್ಲಿ ಚೌಳೇರಿತು. ಮಲೆನಾಡಿನಲ್ಲಾದರೋ ಮಳೆಯು ಸುಣ್ಣವನ್ನು ತೊಳೆದೊಯ್ದು ಮಣ್ಣು ಹುಳಿಯಾಗಿದೆ. ಅಲ್ಲಿ ಕಬ್ಬಿಣ ಅಲ್ಯೂಮಿನಿಯಂಗಳು ರಂಜಕವನ್ನು ಬಂಧಿಸುವುವು, ಬೇರು ಮೊಟಕಾಗುವುದು, ಗಂಟು ಕಟ್ಟುವ ಸೂಕ್ಷ್ಮಜೀವಿಗಳು ಕುಂದುವುವು. ಹುಳಿಮಣ್ಣಿಗೆ ಸುಣ್ಣವು ಮದ್ದು. ಕ್ಷಾರದ ಚೌಳಿಗೆ ಜಿಪ್ಸಮ್. ಹೆಸರನ್ನು ನಂಬಿ ಚೌಳಿಗೆ ಸುಣ್ಣವನ್ನು ಹಾಕಿದ ರೈತನ ನಷ್ಟಕ್ಕೆ ಹೊಣೆ ಯಾರು?

ಸಸ್ಯದ ಆಯ್ಕೆಯೂ ಈ ವಿವೇಕವನ್ನು ಅನುಸರಿಸತಕ್ಕುದು. ಇದೇ ತಾಲೂಕಿನ ತೆಕ್ಕಲಕೋಟೆಯಲ್ಲಿ 1963-64ರಲ್ಲಿ ನಡೆದ ಉತ್ಖನನದಲ್ಲಿ ನವಶಿಲಾಯುಗದ ಹುರುಳಿಯು ದೊರೆತಿದೆ; ತೆಳುವಾದ ಬಡ ಮಣ್ಣಿನಲ್ಲಿಯೂ ಅದು ಬದುಕಬಲ್ಲುದು. ಶಂಖಪುಷ್ಪವು ಎರೆನೆಲಕ್ಕೆ ಒಗ್ಗುವುದು. ಮಲೆನಾಡಿನ ಹುಳಿಮಣ್ಣಿಗೆ, ದಶಮೂಲಗಳಲ್ಲಿ ಎಣಿಸುವ ಶಾಲಪರ್ಣಿಯ ಬಂಧುವಾಗಿ ನೆಲಕ್ಕೆ ಹರಡುವ ಮೂರೆಲೆಯ ಕಿರುಸಸ್ಯವು ತಕ್ಕುದು. ದನಗಳು ಮೇಯ್ದರೂ ಅದು ಚಿಗುರುವುದು. ಅಮೆರಿಕಾ ಖಂಡದಿಂದ ಬಂದ ಸ್ಟೈಲೋಸಾಂತಿಸ್ ಹುಳಿಯನ್ನು ಸಹಿಸುವುದು ನಿಜ. ಅಷ್ಟರಿಂದಲೇ ಅದನ್ನು ದೇಶೀಯವೆನ್ನಲಾಗದು.

ನಮ್ಮ ಟೀಕಾಕಾರರು ‘ಓಷಧಿವಿಶೇಷ’ವೆಂದು ಬರೆದು ಮುಂದೆ ಸಾಗುತ್ತಿದ್ದರು. ಕಿಟ್ಟೆಲರು 1894ರ ನಿಘಂಟಿನಲ್ಲಿ ಸಸ್ಯಗಳಿಗೆ ಲ್ಯಾಟಿನ್ ಹೆಸರುಗಳನ್ನೂ ಕೊಟ್ಟು ಒಂದು ಹೆಜ್ಜೆ ಮುಂದೆ ಹೋದರು. ಇನ್ನು ಮುಂದಿನ ಕೋಶಕಾರರು ಸಸ್ಯದ ಹೆಸರಿನೊಡನೆ ಅದು ಒಗ್ಗುವ ಮಣ್ಣನ್ನೂ ಅದರ ಮೂಲದೇಶವನ್ನೂ ನಮೂದಿಸುವುದು ಯುಕ್ತವು. ಶಬ್ದಶುದ್ಧಿಯು ಪಂಡಿತರಿಗೆ ಭೂಷಣವು. ರೈತನಿಗಾದರೋ ಅದು ಜೀವನೋಪಾಯವೇ ಆಗಿದೆ.