ಮರೆಯಲ್ಲಿ ನಿಂತ ಕರ್ತೃ: ವಾಸೆನಾರ್‌ನ ‘ಕೊನ್ಚೆರ್ತಿ ಆರ್ಮೋನಿಚಿ’ ಮತ್ತು ಕರ್ತೃತ್ವದ ಪ್ರಶ್ನೆ

ಅನಾಮಧೇಯತೆಯನ್ನು ಜಾನಪದ ಅಧ್ಯಯನವು ತನ್ನ ಮೂಲಭೂತ ಪರಿಕಲ್ಪನೆಗಳಲ್ಲಿ ಒಂದೆಂದು ಪರಿಗಣಿಸುತ್ತ ಬಂದಿದೆ. ಕರ್ತೃ ತಿಳಿಯದ ಕೃತಿ ಸಮುದಾಯದ್ದು ಎಂಬ ತಿಳುವಳಿಕೆ ಅದರ ಹಿಂದಿದೆ. ಆದರೆ ಹೆಸರು ಇಲ್ಲದಿರುವುದಕ್ಕೂ ಹೆಸರನ್ನು ಬಚ್ಚಿಡುವುದಕ್ಕೂ ಇರುವ ಅಂತರವನ್ನು ನಮ್ಮ ವಿದ್ವತ್ತು ಸಾಕಷ್ಟು ವಿವೇಚಿಸಿಲ್ಲ. ಈ ದೃಷ್ಟಿಯಿಂದ 1740ರಲ್ಲಿ ಡಚ್ ಗಣರಾಜ್ಯದ ಹೇಗ್ ನಗರದಲ್ಲಿ ಕರ್ತೃವಿನ ಹೆಸರಿಲ್ಲದೆ ಪ್ರಕಟವಾದ ‘ಕೊನ್ಚೆರ್ತಿ ಆರ್ಮೋನಿಚಿ’ ಎಂಬ ಆರು ಕನ್ಸರ್ಟೊಗಳ ಚರಿತ್ರೆಯು ಪರಿಶೀಲನಾರ್ಹವಾಗಿದೆ.

ಇವು ಯುರೋಪಿನ ಬರೋಕ್ ಯುಗದ ತಂತಿವಾದ್ಯ ಕೃತಿಗಳು. ನಾಲ್ಕು ಪಿಟೀಲು, ವಿಯೋಲ, ಚೆಲ್ಲೊ ಮತ್ತು ಮಂದ್ರಸ್ಥಾಯಿಯ ಆಧಾರವಾದನ, ಹೀಗೆ ಏಳು ಪಾಲುಗಳಲ್ಲಿ ರಚಿತವಾಗಿವೆ. ಪ್ರಕಟಿಸಿದವನು ಹೇಗ್‌ನಲ್ಲಿ ನೆಲೆಸಿದ್ದ ಇಟಲಿಯ ಪಿಟೀಲುವಾದಕ ಕಾರ್ಲೊ ರಿಚೊತ್ತಿ. ಮುಂದೆ ಲಂಡನ್ನಿನ ವಾಲ್ಷ್ ಪ್ರಕಾಶನವು ಅವನನ್ನೇ ಕರ್ತೃವೆಂದು ಮುದ್ರಿಸಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಪೋಲೆಂಡಿನ ಫ್ರಾನ್ಸಿಶೆಕ್ ಲೆಸ್ಸೆಲ್ ಒಂದು ಹಸ್ತಪ್ರತಿಯ ಮೇಲೆ ಇದು ಪೆರ್ಗೊಲೆಸಿಯ ರಚನೆಯೆಂದು ಬರೆದನು. ಈ ಒಂದು ಟಿಪ್ಪಣಿಗೆ ದೊರೆತ ಮನ್ನಣೆ ಅಚ್ಚರಿ ಹುಟ್ಟಿಸುತ್ತದೆ. ಇಪ್ಪತ್ತನೆಯ ಶತಮಾನದ ರೋಮ್ ಆವೃತ್ತಿಯು ಇವನ್ನು ಪೆರ್ಗೊಲೆಸಿಯ ಸಮಗ್ರ ಕೃತಿಗಳಲ್ಲಿ ಸೇರಿಸಿತು. ಅದಕ್ಕೂ ಮೊದಲೇ, 1920ರಲ್ಲಿ, ಸ್ಟ್ರಾವಿನ್‌ಸ್ಕಿ ತನ್ನ ‘ಪುಲ್ಚಿನೆಲ್ಲ’ ನೃತ್ಯರೂಪಕಕ್ಕೆ ಎರಡನೆಯ ಕನ್ಸರ್ಟೊದ ಕೊನೆಯ ಭಾಗವನ್ನು ಪೆರ್ಗೊಲೆಸಿಯದೆಂದೇ ಭಾವಿಸಿ ಬಳಸಿಕೊಂಡಿದ್ದನು. ಅದೇ ರೂಪಕಕ್ಕೆ ಎತ್ತಿಕೊಂಡ ಡೊಮೆನಿಕೊ ಗಾಲ್ಲೊನ ಸೊನಾಟಗಳೂ ಆಗ ಪೆರ್ಗೊಲೆಸಿಯವೇ ಆಗಿದ್ದವು! ಇಪ್ಪತ್ತಾರನೆಯ ವಯಸ್ಸಿನಲ್ಲಿ, 1736ರಲ್ಲಿ, ತೀರಿಕೊಂಡ ಪ್ರಸಿದ್ಧನೊಬ್ಬನಿಗೆ ಲೋಕವು ತಾನು ಮೆಚ್ಚಿದ್ದನ್ನೆಲ್ಲ ಕೊಡುತ್ತ ಹೋಯಿತು. ಚಾರ್ಲ್ಸ್ ಕಡ್‌ವರ್ತ್ 1949ರಲ್ಲಿಯೇ ಈ ಆರೋಪಣೆಗಳನ್ನು ಪ್ರಶ್ನಿಸಿದ್ದರೂ ಪೆರ್ಗೊಲೆಸಿಯ ಹೆಸರು ಅಷ್ಟು ಸುಲಭವಾಗಿ ಕಳಚಲಿಲ್ಲ.

1979ರಲ್ಲಿ ಸಂಗೀತಶಾಸ್ತ್ರಜ್ಞ ಆಲ್ಬರ್ಟ್ ಡನಿಂಗ್ ಅವರಿಗೆ ಟ್ವಿಕೆಲ್ ಕೋಟೆಮನೆಯ ದಾಖಲೆಗಳಲ್ಲಿ ಈ ಆರೂ ಕೃತಿಗಳ ಹಸ್ತಪ್ರತಿ ದೊರೆಯಿತು. ಅದರೊಂದಿಗೆ ಇದ್ದ ಮುನ್ನುಡಿಯು ಕೌಂಟ್ ಉನಿಕೊ ವಿಲ್ಹೆಲ್ಮ್ ವಾನ್ ವಾಸೆನಾರ್‌ನ (1692-1766) ಕೈಬರಹದ್ದು. ಈತ ಅದೇ ಕೋಟೆಯಲ್ಲಿ ಹುಟ್ಟಿದವನು, ವೃತ್ತಿಯಿಂದ ರಾಜತಂತ್ರಜ್ಞ. ಅವನ ಹೇಳಿಕೆಯ ಸಾರ ಹೀಗಿದೆ: 1725ರಿಂದ 1740ರ ನಡುವೆ ಬೇರೆ ಬೇರೆ ಕಾಲದಲ್ಲಿ ಇವು ರಚಿತವಾದವು, ತಾನು, ಬೆಂಟಿಂಕ್ ಮತ್ತು ಕೆಲವು ವಿದೇಶೀ ಗಣ್ಯರು ನಡೆಸುತ್ತಿದ್ದ ಸಂಗೀತಗೋಷ್ಠಿಯಲ್ಲಿ ನುಡಿಸಲ್ಪಟ್ಟವು, ಮೊದಲ ಪಿಟೀಲು ನುಡಿಸುತ್ತಿದ್ದ ರಿಚೊತ್ತಿ ನಕಲು ಮಾಡಿಕೊಂಡು ಅಚ್ಚಿಗೆ ಅನುಮತಿ ಬೇಡಿದನು, ತನ್ನ ಹೆಸರು ಎಲ್ಲಿಯೂ ಕಾಣಬಾರದೆಂಬ ಷರತ್ತಿನ ಮೇಲೆ ತಾನು ಒಲ್ಲದ ಮನಸ್ಸಿನಿಂದ ಒಪ್ಪಿದೆನು. ಅರ್ಪಣೆಯನ್ನೂ ನಿರಾಕರಿಸಿದ್ದರಿಂದ ಅದು ಬೆಂಟಿಂಕ್‌ನಿಗೆ ಸಂದಿತು. (1831ರಲ್ಲಿ ಮೈಸೂರಿನ ಆಡಳಿತವನ್ನು ಕಂಪನಿಯ ವಶಕ್ಕೆ ತೆಗೆದುಕೊಂಡ ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ ಇದೇ ಮನೆತನದ ಇಂಗ್ಲೆಂಡಿನ ಕವಲಿಗೆ ಸೇರಿದವನು.)

ಈ ಮರೆವಾಸಕ್ಕೆ ವರ್ಗಮರ್ಯಾದೆಯೇ ಕಾರಣವೆಂಬ ವಿವರಣೆ ಸಾಮಾನ್ಯವಾಗಿದೆ. ಕುಲೀನನು ತನ್ನ ವಿನೋದವನ್ನು ಅಂಗಡಿಯ ಸರಕಾಗಿಸುವುದು ತರವಲ್ಲ ಎಂಬ ಭಾವನೆ ಆ ಕಾಲದಲ್ಲಿ ಇದ್ದುದು ನಿಜ. ಆದರೆ ಇದೊಂದೇ ಸಾಲದು. ವೆನಿಸ್‌ನ ಬೆನೆಡೆಟ್ಟೊ ಮಾರ್ಚೆಲ್ಲೊ ತಾನು ಕುಲೀನ ಹವ್ಯಾಸಿಯೆಂದು ಹೇಳಿಕೊಂಡೇ 1708ರಲ್ಲಿ ಕನ್ಸರ್ಟೊಗಳನ್ನು ಅಚ್ಚು ಮಾಡಿಸಿದನು. ಸಾಕ್ಸ್-ವೈಮಾರ್‌ನ ರಾಜಕುಮಾರ ಯೋಹಾನ್ ಎರ್ನ್ಸ್ಟ್ 1715ರಲ್ಲಿ ತೀರಿಕೊಂಡ ಮೇಲೆ ಟೆಲೆಮಾನ್ 1718ರಲ್ಲಿ ಅವನ ಆರು ಕನ್ಸರ್ಟೊಗಳನ್ನು ಅವನ ಹೆಸರಿನಲ್ಲಿಯೇ ಹೊರತಂದನು. ಆದುದರಿಂದ ವಾಸೆನಾರ್‌ನ ನಿರಾಕರಣೆಯಲ್ಲಿ ವೈಯಕ್ತಿಕವಾದುದೂ ಇದೆ. ಕೆಲವು ರಚನೆಗಳು ಸಹನೀಯ, ಕೆಲವು ಸಾಧಾರಣ, ಉಳಿದವು ಕಳಪೆ ಎಂಬುದು ಅವನದೇ ತೀರ್ಮಾನ. ಬಿಡುವಿದ್ದರೆ ತಿದ್ದುತ್ತಿದ್ದೆನೆಂದೂ ಬರೆದಿದ್ದಾನೆ. ಈ ಮಾತನ್ನು ಅಕ್ಷರಶಃ ಸ್ವೀಕರಿಸುವುದು ಸರಿಯಲ್ಲ. ಕ್ಷೇತ್ರಕಾರ್ಯದಲ್ಲಿ ತೊಡಗಿದವರಿಗೆ ಒಬ್ಬನೇ ವಕ್ತೃವು ಕೇಳುಗರು ಬದಲಾದಂತೆ ಬೇರೆ ಬೇರೆ ಹೇಳಿಕೆ ನೀಡುವುದು ಪರಿಚಿತ. ಲೋಕದೆದುರು ತನ್ನದಲ್ಲವೆಂದವನೇ ಮನೆಯ ಹಸ್ತಪ್ರತಿಯಲ್ಲಿ ಇವು ‘ನನ್ನವು’ ಎಂದು ದಾಖಲಿಸಿ ಜೋಪಾನ ಮಾಡಿದನಷ್ಟೆ.

ಕೃತಿಗಳತ್ತ ತಿರುಗಿದರೆ, ವಿವಾಲ್ಡಿಯಲ್ಲಿ ಕಾಣುವ ಏಕವಾದಕನ ಪ್ರೌಢಿಮೆಯ ಪ್ರದರ್ಶನ ಇಲ್ಲಿ ಗೌಣ. ನಿಧಾನ-ವೇಗ-ನಿಧಾನ-ವೇಗ ಎಂಬ ನಾಲ್ಕು ಭಾಗಗಳ ಹಳೆಯ ಕ್ರಮವೇ ಆಧಾರ. ನಾಲ್ಕು ಪಿಟೀಲುಗಳ ವಿನ್ಯಾಸವು ರೋಮ್‌ನ ಪರಂಪರೆಯಿಂದ ಬಂದುದು ಸರಿ. ಆದರೆ ಗಣ್ಯರು ಒಟ್ಟಾಗಿ ಕುಳಿತು ನುಡಿಸುವ ಗೋಷ್ಠಿಗೆ ಅದು ಹೊಂದಿಕೊಂಡ ಬಗೆಯೂ ಗಮನಾರ್ಹ. ದಟ್ಟವಾದ ಸ್ವರಮೇಳವಿರುವ ನಿಧಾನಭಾಗಗಳಲ್ಲಿ ಇವುಗಳ ನಿಜವಾದ ಸತ್ತ್ವವಿದೆ. ಕೆಲವು ವೇಗದ ಭಾಗಗಳಲ್ಲಿ ಒಂದೇ ಸ್ವರಗುಚ್ಛವು ಅಗತ್ಯಕ್ಕಿಂತ ಹೆಚ್ಚು ಸಲ ಮರುಕಳಿಸುತ್ತದೆಯೆಂದು ನನಗೆ ತೋರುತ್ತದೆ. ಆದರೆ ಈ ದೋಷವನ್ನು ಹವ್ಯಾಸಿಯ ತಲೆಗೆ ಕಟ್ಟುವ ಮೊದಲು, ಪೆರ್ಗೊಲೆಸಿಯ ಹೆಸರಿದ್ದಾಗ ಇದೇ ಕೃತಿಗಳು ಮೇರುಕೃತಿಗಳೆನಿಸಿದ್ದುದನ್ನು ನೆನೆಯಬೇಕು. ಹಸ್ತಪ್ರತಿ ದೊರೆತ ಮೇಲೆ ಬದಲಾದುದು ಶೀರ್ಷಿಕೆಪುಟವೇ ಹೊರತು ಒಂದು ಸ್ವರವೂ ಅಲ್ಲ.

ಇಷ್ಟೆಲ್ಲದರ ನಡುವೆ ರಿಚೊತ್ತಿಯ ವಿಚಾರ ಹಿಂದೆ ಸರಿದಿದೆ. ಕರ್ತೃವಲ್ಲವೆಂದು ಸಿದ್ಧವಾದೊಡನೆ ಅವನು ಅಡಿಟಿಪ್ಪಣಿಗೆ ಇಳಿದನು. ಆದರೆ ಮೊದಲ ಪಿಟೀಲು ನುಡಿಸಿದವನು, ನಕಲು ಮಾಡಿದವನು, ಒಪ್ಪದ ಕೌಂಟ್‌ನನ್ನು ಬೆಂಟಿಂಕ್‌ನ ಮೂಲಕ ಒಪ್ಪಿಸಿದವನು ಅವನೇ. ಅವನ ಅಚ್ಚು ಇಲ್ಲದಿದ್ದರೆ ಲೆಸ್ಸೆಲ್‌ನ ಟಿಪ್ಪಣಿಗೂ ಸ್ಟ್ರಾವಿನ್‌ಸ್ಕಿಯ ರೂಪಕಕ್ಕೂ ಆಸ್ಪದವಿರುತ್ತಿರಲಿಲ್ಲ; ಟ್ವಿಕೆಲ್‌ನ ಹಸ್ತಪ್ರತಿಯನ್ನು ಗುರುತಿಸಲು ಹೋಲಿಸಿನೋಡುವ ಪಠ್ಯವೂ ಡನಿಂಗ್ ಅವರ ಮುಂದೆ ಇರುತ್ತಿರಲಿಲ್ಲ.