ಮರಳಿ ಬಂದ ಮಾರುತಿ, ಬಾರದ ಜಾಂಬವಂತ

ಆಷಾಢದ ಒಂದು ಭಾನುವಾರ. ಕೃಷ್ಣೆಯ ನೀರು ಏರುತ್ತಿತ್ತು. ಸಾಂಗಲಿಗೆ ಅಂಟಿಕೊಂಡಂತಿರುವ ನಮ್ಮ ಹರಿಪುರ ಕೃಷ್ಣಾ, ವಾರಣಾ ನದಿಗಳು ಕೂಡುವಲ್ಲಿರುವ ಊರು. ಮಳೆಗಾಲ ಬಂತೆಂದರೆ ಸಂಗಮೇಶ್ವರನ ಗುಡಿಯ ಕಡೆಯಿಂದ ಬಂದವರನ್ನೆಲ್ಲ ನಿಲ್ಲಿಸಿ, ನೀರು ಎಲ್ಲಿಯವರೆಗೆ ಬಂತು ಎಂದು ಕೇಳುವುದೇ ಇಲ್ಲಿಯವರ ದಿನಪತ್ರಿಕೆ. 2005, 2019, 2021ರ ಮಹಾಪೂರಗಳನ್ನು ಕಂಡ ಮೇಲೆ ಮಕ್ಕಳನ್ನು ನದಿಯ ಕಡೆಗೆ ಬಿಡುವ ಧೈರ್ಯ ಯಾರಿಗೂ ಇಲ್ಲ. ಹೀಗೆ ಮನೆಯೊಳಗೆ ಕಟ್ಟಿಹಾಕಿದಂತಾಗಿದ್ದ ನನ್ನ ಒಂಬತ್ತು ವರ್ಷದ ಮಗನಿಗೆ ಅವನ ಕಾಕಾ ಮೊಬೈಲಿನಲ್ಲಿ ಹುಡುಕಿ ಟಿ.ವಿ.ಗೆ ಜೋಡಿಸಿಕೊಟ್ಟ ಚಿತ್ರ 'ರಿಟರ್ನ್ ಆಫ್ ಹನುಮಾನ್'. ನೋಡಲು ಕುಳಿತವರು ಮೂವರು: ಮಗ, ನನ್ನ ಅತ್ತೆ ಮತ್ತು ಮಡಿಲಲ್ಲಿ ಸೊಪ್ಪು ಹಾಕಿಕೊಂಡು ಸೋಸುತ್ತಿದ್ದ ನಾನು.

ಬ್ಯಾಂಕಿನಲ್ಲಿ ಗುಮಾಸ್ತೆಯಾಗಿರುವವಳಿಗೆ ಚಿತ್ರ ವಿಮರ್ಶೆಯ ಅಧಿಕಾರವೇನು ಎಂದು ಈ ವಾರ್ಷಿಕದ ಓದುಗರು ಕೇಳಬಹುದು. ಬಿ.ಎ.ಯಲ್ಲಿ ಓದಿದ ಕನ್ನಡ ಸಾಹಿತ್ಯ, ಬಾಲ್ಯದಲ್ಲಿ ನಿದ್ದೆಗೆಟ್ಟು ನೋಡಿದ ಆಟಗಳು, ಇಷ್ಟೇ ನನ್ನ ಬಂಡವಾಳ. ನನ್ನ ತವರು ಬದಿಯಡ್ಕದ ಕಡೆ. ಅಲ್ಲಿ ಮಲಯಾಳದ ಮಗ್ಗುಲಲ್ಲಿ ಕನ್ನಡ ಆಡುತ್ತ ಬೆಳೆದೆ. ಮದುವೆಯಾಗಿ ಇಲ್ಲಿಗೆ ಬಂದು ಮರಾಠಿಯ ಮಗ್ಗುಲಲ್ಲಿ ಕನ್ನಡ ಆಡುತ್ತಿದ್ದೇನೆ. ಮಕ್ಕಳಿಗೆ ಏನು ತೋರಿಸಬೇಕು, ಯಾವ ಭಾಷೆಯಲ್ಲಿ ತೋರಿಸಬೇಕು ಎಂಬುದು ಇಂಥ ಮನೆಗಳಲ್ಲಿ ಬರೀ ಮನರಂಜನೆಯ ಪ್ರಶ್ನೆಯಲ್ಲ. ಅದಕ್ಕಾಗಿಯೇ ಈ ಬರಹ.

ಮೊದಲು ಚಿತ್ರದ ಕುಲಗೋತ್ರ. 2005ರ ಅಕ್ಟೋಬರಿನಲ್ಲಿ ವಿ. ಜಿ. ಸಾಮಂತರ 'ಹನುಮಾನ್' ಬಂದಿತು. ಹನುಮಂತನ ಹುಟ್ಟು, ಸೂರ್ಯನನ್ನು ಹಣ್ಣೆಂದು ಹಿಡಿಯಹೋದದ್ದು, ಲಂಕೆ, ಹೀಗೆ ಎಲ್ಲರಿಗೂ ಗೊತ್ತಿರುವ ರಾಮಾಯಣದ ಕಥೆ ಅದು. ಭಾರತದ ಅನಿಮೇಷನ್ ಚಿತ್ರವೊಂದು ಥಿಯೇಟರಿಗೆ ಮಕ್ಕಳನ್ನು ಕರೆತರಬಲ್ಲದು ಎಂಬುದನ್ನು ತೋರಿಸಿಕೊಟ್ಟಿತು. ಎರಡು ವರ್ಷಗಳ ಮೇಲೆ, 2007ರ ಡಿಸೆಂಬರ್ 28ರಂದು ಬಂದದ್ದು ಈ 'ರಿಟರ್ನ್'. ನಿರ್ದೇಶಕರು ಬೇರೆ, ಅನುರಾಗ್ ಕಶ್ಯಪ್. ಮುಂಬಯಿ ಬಾಂಬ್ ಸ್ಫೋಟಗಳ ಕುರಿತ 'ಬ್ಲ್ಯಾಕ್ ಫ್ರೈಡೇ' ತೆಗೆದವರು. ಅದೇ ವರ್ಷ ಆ ಚಿತ್ರವೂ ತೆರೆಕಂಡಿತು, ಇದೂ ಕಂಡಿತು. ಒಂದೇ ಕೈಯಿಂದ ಇವೆರಡೂ ಬಂದವೆಂದು ಹೇಳಿದರೆ ನಮ್ಮ ಅತ್ತೆ ನಂಬಲಾರರು. ಇನ್ನೊಂದು ಸಂಗತಿ ಈ ಸಂಚಿಕೆಯ ಮಲಯಾಳ ಪುಟಗಳ ಓದುಗರಿಗೆ ಹಿತವಾದೀತು: ಈ ಚಿತ್ರದ ನಿರ್ಮಾಣದಲ್ಲಿ ಪಾಲು ಪಡೆದ ಟೂನ್ಜ್ ಸಂಸ್ಥೆ ತಿರುವನಂತಪುರದ್ದು.

ಉತ್ತರಭಾಗ ಎನ್ನಬೇಕೋ ಬೇಡವೋ ಎಂಬುದೇ ಒಂದು ತಕರಾರು. ಮೊದಲ ಚಿತ್ರದ ಕಥೆ ಇಲ್ಲಿ ಮುಂದುವರಿಯುವುದಿಲ್ಲ. ಸ್ವರ್ಗದಲ್ಲಿ ಕುಳಿತ ಹನುಮಂತನ ಕಣ್ಣಿಗೆ ಬಜರಂಗಪುರವೆಂಬ ಹಳ್ಳಿಯ ಮಿಂಕು ಎಂಬ ಬಡಕಲು ಹುಡುಗ ಬೀಳುತ್ತಾನೆ. ದಾಂಡಿಗ ಹುಡುಗರು ಅವನನ್ನು ಗೋಳುಹೊಯ್ದುಕೊಳ್ಳುತ್ತಿದ್ದಾರೆ. ಕನಿಕರಪಟ್ಟ ಹನುಮಂತ ಮನುಷ್ಯನಾಗಿ ಹುಟ್ಟಲು ಬ್ರಹ್ಮನ ಒಪ್ಪಿಗೆ ಕೇಳುತ್ತಾನೆ. ಬ್ರಹ್ಮ ಕರಾರುಪತ್ರ ಮಾಡಿಸಿ ಕಳಿಸುತ್ತಾನೆ. ಪುರೋಹಿತರ ಮನೆಯಲ್ಲಿ ಹುಟ್ಟಿದ ಕೂಸು ಮಾರುತಿ ತಟ್ಟೆ ತಟ್ಟೆ ಊಟ ಖಾಲಿ ಮಾಡುತ್ತ ಬೆಳೆದು, ಶಾಲೆ ಸೇರಿ, ಮಿಂಕುವಿನ ಗೆಳೆಯನಾಗುತ್ತಾನೆ. ಕೀಟಲೆಯ ಹುಡುಗರಿಗೆ ತಕ್ಕ ಶಾಸ್ತಿಯಾಗುತ್ತದೆ. ಅತ್ತ ರಾಹು, ಕೇತು, ಶುಕ್ರಾಚಾರ್ಯರು ಸೇರಿ ಲೋಕಕ್ಕೆ ಕೇಡು ತರುತ್ತಾರೆ. ಕೊನೆಗೆ ದೊಡ್ಡ ಕಾಳಗ.

ಈ ಚಿತ್ರದ ಮೇಲೆ ಹಿರಿಯರು ಸಾಮಾನ್ಯವಾಗಿ ಎತ್ತುವ ಆಕ್ಷೇಪ, ದೇವರುಗಳನ್ನು ನಗೆಪಾಟಲು ಮಾಡಿದ್ದಾರೆ ಎಂಬುದು. ಸ್ವರ್ಗವನ್ನು ಈ ಕಾಲದ ಕಚೇರಿಯಂತೆ ತೋರಿಸಿರುವುದು ನಿಜ. ಕರಾರುಪತ್ರ ಬಂದಾಗ ನಮ್ಮ ಅತ್ತೆ, "ಯವ್ವಾ, ಬ್ರಹ್ಮದೇವ್ರಿಗೂ ಸಹಿ ಬೇಕಾತೇನು?" ಎಂದು ಬಾಯಿಮೇಲೆ ಸೆರಗು ಹಿಡಿದು ನಕ್ಕರು. ದಿನವಿಡೀ ಸಹಿ ತಾಳೆ ನೋಡುವ ನನಗಂತೂ ಅಲ್ಲಿ ನನ್ನ ಕೌಂಟರೇ ಕಂಡಿತು. ಆದರೆ ಈ ಆಕ್ಷೇಪವನ್ನು ನಾನು ಒಪ್ಪಲಾರೆ. ನಮ್ಮ ಕಡೆಯ ಯಕ್ಷಗಾನದ ಹಾಸ್ಯಗಾರ ದೇವೇಂದ್ರನ ಒಡ್ಡೋಲಗದಲ್ಲಿ ದೂತನಾಗಿ ನಿಂತು ಏನೇನು ಮಾತಾಡುವುದಿಲ್ಲ? ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳ ಹನುಮಂತ ಅಶೋಕವನದಲ್ಲಿ ರಾಕ್ಷಸರನ್ನು ಕೆಣಕುವಾಗ ಚೌಕಿಯಲ್ಲಿದ್ದ ವೇಷಧಾರಿಗಳೂ ಇಣುಕಿ ನಗುತ್ತಿದ್ದುದನ್ನು ಕಂಡಿದ್ದೇನೆ. ಬೆಳಗಿನ ಜಾವ ಅದೇ ಹನುಮಂತನಿಗೆ ಜನ ಕೈಮುಗಿಯುತ್ತಿದ್ದರು. ನಗುವುದಕ್ಕೂ ಭಕ್ತಿಗೂ ನಮ್ಮಲ್ಲಿ ಎಂದೂ ಜಗಳವಿರಲಿಲ್ಲ.

ಈ ಮಾತನ್ನು ಸಾಂಗಲಿಯಲ್ಲಿ ಕುಳಿತು ಬರೆಯುವುದರಲ್ಲಿ ನನಗೊಂದು ಸಂತೋಷವಿದೆ. ಉತ್ತರ ಕನ್ನಡದ ಕರ್ಕಿಯ ಭಾಗವತ ಮೇಳ 1842ರಲ್ಲಿ ಸಾಂಗಲಿಗೆ ಬಂದು ಆಟವಾಡಿತು. ಅದನ್ನು ಕಂಡ ಅರಸರು ಚಿಂತಾಮಣರಾವ್ ಪಟವರ್ಧನರು ಮರಾಠಿಯಲ್ಲೂ ಇಂಥದೊಂದು ಆಗಬೇಕೆಂದು ಬಯಸಿದರು. ವಿಷ್ಣುದಾಸ ಭಾವೆಯವರು 1843ರ ನವೆಂಬರ್ 5ರಂದು 'ಸೀತಾ ಸ್ವಯಂವರ' ಆಡಿಸಿದರು. ಮರಾಠಿ ರಂಗಭೂಮಿ ದಿನವೆಂದು ಇಂದಿಗೂ ಆಚರಿಸುವುದು ಆ ದಿನವನ್ನೇ. ಇದೇ ಭಾವೆಯವರು ಮರದ ಗೊಂಬೆಗಳನ್ನು ಕಡೆದು ಆಡಿಸುವುದರಲ್ಲೂ ಕೈಪಳಗಿದವರು. ಕಾಸರಗೋಡಿನಲ್ಲೂ ಯಕ್ಷಗಾನ ಬೊಂಬೆಯಾಟ ಇಂದಿಗೂ ಜೀವಂತವಾಗಿದೆ. ಪುರಾಣವನ್ನು ಗೊಂಬೆ ಮಾಡಿ ಕುಣಿಸುವುದು ಹೊರಗಿನವರು ತಂದ ಕೇಡೆಂಬಂತೆ ನಾವು, ಅದರಲ್ಲೂ ಈ ಎರಡು ಊರಿನವರು, ಮಾತಾಡಬಾರದು. ಗೊಂಬೆ ಕುಣಿಯಲಿ. ಏನು ಹೇಳಿ ಕುಣಿಯುತ್ತದೆ ಎಂಬುದನ್ನು ಮಾತ್ರ ಕೇಳಬೇಕು.

ನನ್ನ ತಕರಾರು ಇರುವುದು ಅಲ್ಲಿ. ಪುರಾಣದ ಬಾಲ ಹನುಮಂತನೂ ಪುಂಡನೇ. ಋಷಿಗಳ ಆಶ್ರಮಗಳಲ್ಲಿ ಸ್ರುಕ್ಕು ಸ್ರುವಗಳನ್ನು ಮುರಿದು, ನಾರುಬಟ್ಟೆ ಹರಿದು ಹಾವಳಿಯೆಬ್ಬಿಸಿದ. ಅವರು ಶಪಿಸಿದರು: ನಿನ್ನ ಬಲ ನಿನಗೆ ಮರೆತುಹೋಗಲಿ, ಯಾರಾದರೂ ನೆನಪಿಸಿದಾಗ ಮರಳಲಿ. ಮುಂದೆ ಕಡಲ ದಂಡೆಯಲ್ಲಿ ಕಪಿಗಳೆಲ್ಲ ತಮ್ಮ ತಮ್ಮ ಜಿಗಿತದ ಲೆಕ್ಕ ಒಪ್ಪಿಸುತ್ತಿರುವಾಗ ಹನುಮಂತ ಮಾತಿಲ್ಲದೆ ಒಂದು ಬದಿಗೆ ಕುಳಿತಿರುತ್ತಾನೆ. ಮುದುಕ ಜಾಂಬವಂತ ಹತ್ತಿರ ಹೋಗಿ, ನೀನು ಯಾರ ಮಗ, ನಿನ್ನ ಶಕ್ತಿ ಎಂಥದು ಎಂದು ಹೇಳುತ್ತಾನೆ. ಆಗ ಅವನು ಬೆಳೆದು ನಿಲ್ಲುತ್ತಾನೆ. ಮಕ್ಕಳ ಮಟ್ಟಿಗೆ ರಾಮಾಯಣದಲ್ಲಿ ಇದಕ್ಕಿಂತ ದೊಡ್ಡ ಗಳಿಗೆ ಇನ್ನೊಂದಿಲ್ಲ. ಬಲವಿರುವ ಮಗುವಿಗೆ ಅಂಕೆ ಬೇಕೆಂಬುದೂ ಅಳುಕುವ ಮಗುವಿಗೆ ಹಿರಿಯನೊಬ್ಬನ ಮಾತು ಬೇಕೆಂಬುದೂ ಒಂದೇ ಕಥೆಯಲ್ಲಿ ಹೆಣೆದುಕೊಂಡಿವೆ.

ಚಿತ್ರದವರು ಪುಂಡಾಟವನ್ನು ಎತ್ತಿಕೊಂಡರು, ಶಾಪವನ್ನು ಬಿಟ್ಟರು. ಈ ಮಾರುತಿಗೆ ತನ್ನ ಬಲ ಹುಟ್ಟಿನಿಂದ ಗೊತ್ತು. ಅವನಿಗೆ ಅಂಜಿಕೆಯಿಲ್ಲ, ಆದ್ದರಿಂದ ಅವನ ಧೈರ್ಯಕ್ಕೆ ಬೆಲೆಯೂ ಕಡಿಮೆ. ಇನ್ನು ಮಿಂಕು! ಯಾರಿಗಾಗಿ ದೇವರು ಇಳಿದು ಬಂದನೋ ಆ ಹುಡುಗ ಬಹುಪಾಲು ಪಕ್ಕದಲ್ಲಿ ನಿಂತು ನೋಡುವವನಾಗಿಯೇ ಉಳಿಯುತ್ತಾನೆ. ಹೊಡೆಯುತ್ತಿದ್ದವರಿಗೆ ಇನ್ನೂ ಜೋರಾಗಿ ಹೊಡೆಯುವವನು ಸಿಕ್ಕ, ಅಷ್ಟೇ. ಆ ಹೊಡೆತಗಳೋ, ಬಿದ್ದವನು ಚಕ್ರದಂತೆ ತಿರುಗಿ ಎದ್ದು ಕೂರುವಂಥವು. ದೊಡ್ಡವರಿಗೆ ಇದು ವ್ಯಂಗ್ಯಚಿತ್ರದ ರೀತಿಯೆಂದು ತಿಳಿಯುತ್ತದೆ. ನಾಲ್ಕೈದು ವರ್ಷದ ಮಕ್ಕಳಿಗೆ ತಿಳಿಯುವುದಿಲ್ಲ. ಕೊನೆಯ ಕಾಳಗವಂತೂ ಗದ್ದಲದಲ್ಲಿ ಮುಳುಗಿದೆ. ಅತ್ತೆ ಅಷ್ಟುಹೊತ್ತಿಗೆ ಎದ್ದು ದೀಪ ಹಚ್ಚಲು ಹೋಗಿದ್ದರು.

ಇಷ್ಟಾಗಿದ್ದರೆ ಚಿತ್ರ ಮಕ್ಕಳಿಗೆ ತಕ್ಕದ್ದಲ್ಲ ಎಂದು ಒಂದು ಸಾಲು ಬರೆದು ಮುಗಿಸುತ್ತಿದ್ದೆ. ಆದರೆ ಅಂದು ರಾತ್ರಿ ಮಲಗುವಾಗ ಮಗ ಕೇಳಿದ, "ಅಮ್ಮಾ, ಮಾರುತಿ ನಮ್ಮ ಸಾಲಿಗೂ ಬರ್ತಾನೇನು?"

ನಾನು ನಕ್ಕೆ. ಅವನು ನಗಲಿಲ್ಲ.

"ಯಾಕೋ, ನಿಮ್ಮ ಶಾಲೆಯಲ್ಲೇನು ಕೆಲಸ ಅವನಿಗೆ?"

ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಗೋಡೆಯ ಕಡೆ ಮುಖ ಮಾಡಿಕೊಂಡು ಹೇಳಿದ. ತರಗತಿಯಲ್ಲಿ ಇಬ್ಬರು ಹುಡುಗರು ಅವನನ್ನು ಹೆಸರು ಹಿಡಿದು ಕರೆಯುವುದಿಲ್ಲವಂತೆ, 'ಕಾನಡಿ' ಎಂದೇ ಕರೆಯುತ್ತಾರಂತೆ. ಅವನ ಆಯಿ ಒಂದು ದಿನ ಡಬ್ಬಿ ಕೊಡಲು ಹೋದಾಗ ಕನ್ನಡದಲ್ಲಿ ಮಾತಾಡಿದ್ದನ್ನು ಕೇಳಿ, ಮರುದಿನದಿಂದ ಆ ಮಾತನ್ನು ಅಣಕಿಸಿ ಆಡಿತೋರಿಸುತ್ತಾರಂತೆ. ಅಂದಿನಿಂದ ಇವನು ಆಯಿಗೆ ಶಾಲೆಯ ಹತ್ತಿರ ಬರಬೇಡ ಎಂದಿದ್ದಾನೆ. ಮೊಮ್ಮಗ ದೊಡ್ಡವನಾದ, ನಾಚುತ್ತಾನೆ ಎಂದುಕೊಂಡು ಅವರು ಸುಮ್ಮನಾಗಿದ್ದರು. ಮನೆಯಲ್ಲೂ ಅವನು ಕನ್ನಡ ಕಡಿಮೆ ಮಾಡಿದ್ದ. ನಾನದನ್ನು ಮರಾಠಿ ಶಾಲೆಯ ಅಭ್ಯಾಸಬಲ ಎಂದುಕೊಂಡಿದ್ದೆ. ದಿನವೂ ಹತ್ತಾರು ಜನರ ಲೆಕ್ಕದ ತಪ್ಪು ಹಿಡಿಯುವವಳಿಗೆ ಮನೆಯ ಲೆಕ್ಕ ತಪ್ಪಿತ್ತು.

ನಾನು ಎಷ್ಟು ಸಲ 'ಶಾಲೆ ಹೇಗಿದೆ' ಎಂದು ಕೇಳಿಲ್ಲ! ಬಾರದ ಮಾತು ಈ ಕೀಳುಮಟ್ಟದ ಕಾಳಗದ ಚಿತ್ರ ನೋಡಿದ ರಾತ್ರಿ ಬಂತು. ಮಿಂಕು ಎಂಬ ಹುಡುಗನನ್ನು ಅವರು ಅರ್ಧಕ್ಕೆ ಬಿಟ್ಟಿದ್ದಾರೆ ಎಂದು ಮೇಲೆ ಬರೆದೆ. ಆದರೆ ಅವನ ಆರಂಭದ ದೃಶ್ಯಗಳು ಸುಳ್ಳಲ್ಲ. ದಿನಾ ಒಂದೇ ಹೆದರಿಕೆಯಲ್ಲಿ ಶಾಲೆಗೆ ಹೋಗುವ ಮಗುವಿನ ನಡಿಗೆಯನ್ನು ಬಲ್ಲವರೇ ಅವನನ್ನು ಬರೆದಿರಬೇಕು. ಮೊದಲ 'ಹನುಮಾನ್' ಚಿತ್ರಕ್ಕೆ ಗಾಂಭೀರ್ಯವಿದೆ, ಅಚ್ಚುಕಟ್ಟಿದೆ. ನನ್ನ ಮಗ ಅದನ್ನೂ ನೋಡಿದ್ದಾನೆ, ನೋಡಿ ಆಡಲು ಹೋಗಿದ್ದಾನೆ. ಅಲ್ಲಿ ಅವನಂಥವನೊಬ್ಬ ಇರಲಿಲ್ಲ.

ಭಾಷೆಯ ಮಾತನ್ನೂ ಹೇಳಬೇಕು. ನಾವು ಇದನ್ನು ನೋಡಿದ್ದು ಹಿಂದಿಯಲ್ಲಿ. ಹೊರಭಾಷೆಯ ಚಿತ್ರಗಳಿಗೆ ಕನ್ನಡದ ದನಿ ಕೊಡುವುದನ್ನು ಕರ್ನಾಟಕದ ಚಿತ್ರರಂಗ ದಶಕಗಳ ಕಾಲ ತಡೆದಿತ್ತು. ಸ್ಪರ್ಧಾ ಆಯೋಗ ಅದನ್ನು ತಪ್ಪೆಂದು ಹೇಳಿದ್ದು 2015ರಲ್ಲಿ. ತಡೆದವರಿಗೆ ತಮ್ಮ ಕಲಾವಿದರ, ಕೆಲಸಗಾರರ ಅನ್ನದ ಚಿಂತೆಯಿತ್ತು, ಅದನ್ನು ಹಗುರವಾಗಿ ಕಾಣಲಾರೆ. ಆದರೆ ಆ ವರ್ಷಗಳಲ್ಲಿ ಬೆಳೆದ ಮಕ್ಕಳಿಗೆ, ಅದರಲ್ಲೂ ಗಡಿಯಾಚೆ ಇರುವ ನಮ್ಮಂಥವರ ಮಕ್ಕಳಿಗೆ, ಗೊಂಬೆಚಿತ್ರವೆಂದರೆ ಹಿಂದಿ ಎಂಬುದು ರೂಢಿಯಾಗಿಹೋಯಿತು. 2009ರಲ್ಲಿ ಚಿಂಟು ಟಿ.ವಿ. ಬಂದಾಗ ನಮ್ಮ ನಾದಿನಿಯ ಮಗಳು ಕನ್ನಡ ಆಡುವ ಪ್ರಾಣಿಗಳನ್ನು ಕಂಡು, "ಇವಕ್ಕೂ ನಮ್ಮ ಮಾತು ಬರ್ತದ!" ಎಂದಿದ್ದಳು. ಮಾರುತಿ ಕನ್ನಡದಲ್ಲಿ ಮಾತಾಡಿದ್ದರೆ ನನ್ನ ಮಗನಿಗೆ ಆ ಇಬ್ಬರು ಹುಡುಗರ ಮುಂದೆ ಹೇಳಿಕೊಳ್ಳಲು ಒಂದು ಮಾತಾದರೂ ಇರುತ್ತಿತ್ತು.

ಹಾಗಾದರೆ ಮಕ್ಕಳಿಗೆ ತಕ್ಕದ್ದೋ ಅಲ್ಲವೋ? ಆರರ ಒಳಗಿನವರಿಗೆ ಬೇಡ. ಹೊಡೆತ ಹೆಚ್ಚು, ಸದ್ದು ಹೆಚ್ಚು, ಕಚೇರಿಯ ಹಾಸ್ಯ ಅವರಿಗೆ ಎಟಕುವುದೂ ಇಲ್ಲ. ಎಂಟು ದಾಟಿದವರಿಗೆ ತೋರಿಸಬಹುದು, ಒಬ್ಬರನ್ನೇ ಕೂರಿಸಿ ಅಲ್ಲ. ನಮ್ಮ ಕೆಲಸ ಮುಗಿಯುತ್ತದೆಂದು ಟಿ.ವಿ.ಯ ಮುಂದೆ ಬಿಟ್ಟು ಅಡಿಗೆಮನೆಗೆ ಹೋಗುವಂಥ ಚಿತ್ರವಲ್ಲ ಇದು. ಚಿತ್ರವಾಗಿ ನನ್ನ ಲೆಕ್ಕದಲ್ಲಿ ಮೊದಲನೆಯದಕ್ಕಿಂತ ಕೆಳಗೆ. ಮೊದಲರ್ಧಕ್ಕೆ ಪಾಸು, ಎರಡನೆಯದಕ್ಕೆ ಇಲ್ಲ.

ನಾನು ಶಾಲೆಗೆ ಹೋಗಿ ಮಾಸ್ತರರನ್ನು ಕಂಡುಬಂದೆ. ಅವರು ಕೇಳಿಸಿಕೊಂಡರು, ಆ ಹುಡುಗರನ್ನು ಕರೆಸಿ ಮಾತಾಡಿದರು. ಒಬ್ಬ ಬಿಟ್ಟಿದ್ದಾನೆ, ಇನ್ನೊಬ್ಬ ಇನ್ನೂ ಬಿಟ್ಟಿಲ್ಲ. ಮಾರನೆಯ ಭಾನುವಾರ ಅತ್ತೆ ಮೊಮ್ಮಗನನ್ನು ತೊಡೆಯ ಹತ್ತಿರ ಕೂರಿಸಿಕೊಂಡು ಕಡಲ ದಂಡೆಯ ಕಥೆ ಹೇಳಿದರು, ತಮ್ಮ ಚಿಕ್ಕೋಡಿ ಕಡೆಯ ಕನ್ನಡದಲ್ಲಿ. ಜಾಂಬವಂತ ಮಾತು ಮುಗಿಸುವ ಹೊತ್ತಿಗೆ ಅವನು ತಡೆದು ಕೇಳಿದ, "ಆಯೀ, ಜಾಂಬವಂತಗ ಕನ್ನಡ ಬರ್ತಿತ್ತೇನು?"

"ಹಂಪ್ಯಾಗ ಇದ್ದಾವಂಗ ಬರಲಾರದ ಇರ್ತದೇನೋ?" ಎಂದರು ಅತ್ತೆ.

ಚಿತ್ರವನ್ನು ಅವನು ಆಮೇಲೆ ಇನ್ನೂ ಎರಡು ಸಲ ನೋಡಿದ್ದಾನೆ. ಕಾಳಗ ಬಂದಾಗ ಎದ್ದುಹೋಗುತ್ತಾನೆ. ಕೂಸು ಮಾರುತಿ ತಟ್ಟೆಗಳನ್ನು ಖಾಲಿ ಮಾಡುವ ಭಾಗ ಬಂದಾಗ ಮಾತ್ರ, ಒಳಗಿರುವ ಆಯಿಗೆ ಕೇಳುವಂತೆ, ಓಣಿಯವರಿಗೂ ಕೇಳುವಂತೆ, ಕನ್ನಡದಲ್ಲಿ ಕೂಗುತ್ತಾನೆ.