ಕೇಪಿನ ಕೋವಿಗೆ ಮೊದಲು ನೀರು, ಆಮೇಲೆ ಎಣ್ಣೆ

ಬೈಂದೂರು ಕಡೆಯ ಜಡ್ಕಲ್, ಮುದೂರು, ಕುಂದಾಪುರದ ಅಮಾಸೆಬೈಲು, ಹೊಸಂಗಡಿ. ಘಟ್ಟದ ಬುಡದ ಈ ಊರುಗಳಲ್ಲಿ ತೆನೆ ಹಾಲುಗಟ್ಟುವ ಹೊತ್ತಿಗೆ ಹಂದಿಗಳು ಗದ್ದೆಗೆ ಇಳಿಯುತ್ತವೆ. ಅವುಗಳನ್ನು ಓಡಿಸಲು ಹಲವು ಕೃಷಿಕರು ಇಂದಿಗೂ ನಂಬಿರುವುದು ಒಂಟಿ ನಳಿಗೆಯ ಕೇಪಿನ ಕೋವಿಯನ್ನು. ಬಾಯಿಂದ ಮದ್ದು ಹಾಕಿ, ಗಜದಿಂದ ಗಿಡಿದು, ಹಿಂದಿನ ತೊಟ್ಟಿನ ಮೇಲೆ ಕೇಪಿಟ್ಟು ಹೊಡೆಯುವ ಕೋವಿ ಇದು. ಇದನ್ನು ಹೊಡೆಯಲು ಕಲಿತವರು ಊರಲ್ಲಿ ಬೇಕಾದಷ್ಟಿದ್ದಾರೆ. ಸರಿಯಾಗಿ ತೊಳೆಯಲು ಕಲಿತವರು ಕಡಿಮೆ. ನಮ್ಮ ಕೋವಿ ಬಳಕೆಯ ದೊಡ್ಡ ಕೊರತೆ ಇದೇ ಎಂಬುದು ನನ್ನ ಅಭಿಪ್ರಾಯ.

ಮೊದಲು ಕೋವಿಯ ಗುಣವನ್ನೇ ನೋಡೋಣ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು ಬೆಳೆ ರಕ್ಷಣೆಗೆ ಬಾಯಿಂದ ಮದ್ದು ತುಂಬುವ ಕೋವಿಯನ್ನೇ ಹೆಸರಿಸುತ್ತದೆ. ಅದು ಸಾಲದು ಎಂದು ಪರವಾನಗಿ ಕೊಡುವ ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆ ಬಗೆಯ ಕೋವಿಗೆ ಅವಕಾಶ. ಈ ಆಯ್ಕೆ ಸರಿಯಾದದ್ದು. ಒಂದು ಈಡು ಹೊಡೆದ ಮೇಲೆ ಇನ್ನೊಂದಕ್ಕೆ ತುಂಬಲು ಹೊತ್ತು ಹಿಡಿಯುತ್ತದೆ. ಆ ಹೊತ್ತು ಮನುಷ್ಯನಿಗೆ ಯೋಚಿಸುವ ವ್ಯವಧಾನ ಕೊಡುತ್ತದೆ. ಅನುಮತಿಯಿಲ್ಲದೆ ಕಾಡುಹಂದಿಯನ್ನು ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಮೂಕಾಂಬಿಕಾ ಅಭಯಾರಣ್ಯದ ಅಂಚಿನಲ್ಲಿ ಬದುಕುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗದ್ದೆಗೆ ಬೇಕಾದದ್ದು ಸದ್ದು. ಸದ್ದಿಗೆ ಚರೆ ಬೇಡ, ಗುಂಡು ಬೇಡ. ಆ ಕೆಲಸಕ್ಕೆ ಈ ಹಳೆಯ ಕೋವಿ ಧಾರಾಳ ಸಾಕು.

ಆದರೆ ಸದ್ದಿನ ಈಡೂ ನಿರಪಾಯಕಾರಿಯಲ್ಲ. ಮದ್ದಿನ ಮೇಲೆ ಗಿಡಿದ ತೆಂಗಿನ ನಾರು ಕಿಡಿ ಹೊತ್ತುಕೊಂಡೇ ಹೊರಗೆ ಹಾರುತ್ತದೆ. ಬೇಸಗೆಯಲ್ಲಿ ಅದು ಒಣಗಿದ ಸೋಗೆಯ ಮೇಲೋ ಹುಲ್ಲಿನ ಕುತ್ರಿಯ ಮೇಲೋ ಬಿದ್ದರೆ ಹಂದಿ ಮಾಡುವುದಕ್ಕಿಂತ ದೊಡ್ಡ ನಷ್ಟವಾದೀತು. ಒಂದು ಈಡಾದ ಕೂಡಲೇ ಡಬ್ಬಿಯಿಂದ ನೇರವಾಗಿ ನಳಿಗೆಗೆ ಮದ್ದು ಸುರಿಯುವ ಅಭ್ಯಾಸ ಇನ್ನೂ ಕೆಟ್ಟದ್ದು. ಒಳಗೆ ಉಳಿದ ಒಂದು ಕಿಡಿ ಸಾಕು, ಕೈಯಲ್ಲಿರುವ ಇಡೀ ಡಬ್ಬಿ ಸಿಡಿಯುತ್ತದೆ. ಪ್ರತ್ಯೇಕ ಅಳತೆಯಲ್ಲಿ ಒಂದೇ ಈಡಿನ ಮದ್ದು ತೆಗೆದುಕೊಳ್ಳುವುದು ಸರಿಯಾದ ಕ್ರಮ. ಕೇಪು ಸಿಡಿದೂ ಈಡು ಹೊರಡದಿದ್ದರೆ ಕೋವಿಯ ಬಾಯನ್ನು ಜನರಿಲ್ಲದ ಕಡೆಗೇ ಹಿಡಿದು ಒಂದೆರಡು ನಿಮಿಷ ಕಾಯಬೇಕು, ಇಣುಕಿ ನೋಡಬಾರದು. ಹಂದಿಯ ದಾರಿಗೆ ದಾರ ಎಳೆದು ಕೋವಿ ಕಟ್ಟಿಡುವುದಂತೂ ಕ್ಷಮಿಸಲಾಗದ ಕೆಲಸ. ಮುಂಜಾನೆ ಅದೇ ದಾರಿಯಲ್ಲಿ ಹಾಲು ಕೊಡಲು ಹೋಗುವವರೂ ನಡೆಯುತ್ತಾರೆ.

ಇನ್ನು ತೊಳೆಯುವ ಮಾತು. ಕರಿಮದ್ದು ಉರಿದಾಗ ಅರ್ಧಕ್ಕಿಂತ ಕಡಿಮೆ ಭಾಗ ಮಾತ್ರ ಅನಿಲವಾಗುತ್ತದೆ. ಮಿಕ್ಕದ್ದು ಹೊಗೆಯಾಗಿ ಹಾರುತ್ತದೆ, ಇಲ್ಲವೇ ನಳಿಗೆಯ ಒಳಮೈಗೆ ಮಸಿಯಾಗಿ ಅಂಟುತ್ತದೆ. ಆ ಮಸಿಯಲ್ಲಿರುವುದು ಬಹುಪಾಲು ಪೊಟ್ಯಾಷಿಯಂ ಲವಣಗಳು. ಅವು ಗಾಳಿಯ ತೇವವನ್ನು ಹೀರಿ ಕಬ್ಬಿಣವನ್ನು ತಿನ್ನುತ್ತವೆ. ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ ಬೀಳುವ, ಕಡಲಿನ ಉಪ್ಪುಗಾಳಿ ಬೀಸುವ ನಮ್ಮ ಜಿಲ್ಲೆಯಲ್ಲಿ ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಯಲು ಶುರುವಾಗುತ್ತದೆ. ಹಾಗಿದ್ದೂ ಎಷ್ಟೋ ಮನೆಗಳಲ್ಲಿ ನಡೆಯುವುದು ಎಣ್ಣೆ ಬಟ್ಟೆಯಿಂದ ಒಮ್ಮೆ ಒರೆಸಿ ಗೋಡೆಗೆ ಆನಿಸಿಡುವುದು. ಲವಣ ಎಣ್ಣೆಯಲ್ಲಿ ಕರಗುವುದಿಲ್ಲ. ಎಣ್ಣೆಯ ಪದರದ ಅಡಿಯಲ್ಲಿ ಅದು ತನ್ನ ಕೆಲಸ ಮುಂದುವರಿಸುತ್ತದೆ. ಕಬ್ಬಿಣಕ್ಕೆ ನೀರು ತಾಗಿಸಬಾರದೆಂಬ ನಂಬಿಕೆಯೇ ಇಲ್ಲಿ ಕಬ್ಬಿಣವನ್ನು ಹಾಳುಮಾಡುತ್ತಿದೆ.

ಸರಿಯಾದ ವಿಧಾನಕ್ಕೆ ಹೆಚ್ಚು ಖರ್ಚಿಲ್ಲ. ಮೊದಲು ಕೋವಿ ಖಾಲಿಯಿದೆಯೇ ಎಂದು ನೋಡಬೇಕು: ಗಜವನ್ನು ಒಳಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಬೆರಳಿಟ್ಟು ಹಿಡಿದು, ಹೊರತೆಗೆದು ನಳಿಗೆಯ ಮೈಗೆ ಒತ್ತಿ ಅಳೆಯಬೇಕು. ತುದಿ ತೊಟ್ಟಿನ ಬುಡಕ್ಕೆ ಮುಟ್ಟದಿದ್ದರೆ ಒಳಗೆ ಈಡಿದೆ ಎಂದೇ ಅರ್ಥ. ಖಾಲಿಯಿದ್ದರೆ ನಳಿಗೆಯನ್ನು ಮರದಿಂದ ಬಿಚ್ಚಿ, ತೊಟ್ಟಿನ ತುದಿಯನ್ನು ಸಾಬೂನು ನೀರಿನ ಬಾಲ್ದಿಯಲ್ಲಿ ಮುಳುಗಿಸಿ, ಬಟ್ಟೆ ಸುತ್ತಿದ ಗಜವನ್ನು ಮೇಲೆ ಕೆಳಗೆ ಎಳೆಯಬೇಕು. ಎಳೆದಾಗ ನೀರು ಒಳಗೆ ಏರುತ್ತದೆ; ಒತ್ತಿದಾಗ ತೊಟ್ಟಿನ ಸಣ್ಣ ತೂತಿನಿಂದ ಕಪ್ಪು ನೀರು ಚಿಮ್ಮುತ್ತದೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಅದು ಮದ್ದಿನ ಗಂಧಕದ್ದು. ನೀರು ತಿಳಿಯಾಗುವವರೆಗೆ ಬದಲಿಸಿ, ಕೊನೆಗೆ ಕುದಿಯುವ ನೀರು ಹೊಯ್ಯಬೇಕು. ಆ ಬಿಸಿಗೆ ಕಬ್ಬಿಣ ತಾನೇ ಬೇಗ ಒಣಗುತ್ತದೆ. ಒಣಬಟ್ಟೆ ಎಳೆದ ಮೇಲೆ ತೆಳುವಾಗಿ ಎಣ್ಣೆ. ಮರುದಿನ ಬಿಳಿ ಬಟ್ಟೆ ಹಾಕಿ ನೋಡಿದಾಗ ಕಂದು ಬಣ್ಣ ಬಂದರೆ ಇನ್ನೊಮ್ಮೆ ತೊಳೆಯಬೇಕು.

ಕೊಡಗಿನವರಿಂದ ಇಲ್ಲಿ ಕಲಿಯಬೇಕಾದದ್ದಿದೆ. ನಾಟಿ ಮುಗಿದ ಮೇಲೆ ಸೆಪ್ಟೆಂಬರಿನಲ್ಲಿ ಬರುವ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಯನ್ನು ಶುಚಿಗೊಳಿಸಿ, ತೋಕ್ ಪೂವಿನಿಂದ ಸಿಂಗರಿಸಿ, ಪೂಜಿಸಿ, ಆಮೇಲೆ ತೆಂಗಿನಕಾಯಿಗೆ ಗುರಿ ಇಡುತ್ತಾರೆ. ನಮ್ಮಲ್ಲೂ ಆಯುಧಪೂಜೆಗೆ ಕೋವಿ ಹೊರಬರುತ್ತದೆ; ಆದರೆ ಮಸಿ ಹಿಡಿದ ನಳಿಗೆಗೇ ಕುಂಕುಮ, ಒದ್ದೆ ಹೂವು ಬಿದ್ದು ಪುನಃ ಮೂಲೆ ಸೇರುವುದೂ ಉಂಟು. ಇದು ಭಕ್ತಿಗೆ ಒಪ್ಪುವಂಥದ್ದಲ್ಲ.

ನನ್ನ ತೀರ್ಮಾನ ಇಷ್ಟು: ಕೇಪಿನ ಕೋವಿ ನಮ್ಮ ಗದ್ದೆಗೆ ತಕ್ಕ ಸಲಕರಣೆ, ಅದನ್ನು ನಾವು ಇಟ್ಟುಕೊಂಡಿರುವ ರೀತಿ ತಕ್ಕದ್ದಲ್ಲ. ತೂತು ಕಟ್ಟಿದ ತೊಟ್ಟು, ತುಕ್ಕು ತಿಂದು ತೆಳುವಾದ ನಳಿಗೆ ಹೊಡೆಯುವವನ ಮುಖಕ್ಕೇ ತಿರುಗುವ ಅಪಾಯಗಳು. ಪರವಾನಗಿ ನವೀಕರಿಸುವಾಗ ಕಾಗದದ ಜೊತೆ ನಳಿಗೆಯ ಒಳಗನ್ನೂ ನೋಡುವ, ತೊಳೆಯುವುದನ್ನು ಒಮ್ಮೆ ಕೈಯಾರೆ ತೋರಿಸಿಕೊಡುವ ವ್ಯವಸ್ಥೆ ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರೂ ತಾಲೂಕುಗಳಲ್ಲಿ ಬರಲಿ. ಅಲ್ಲಿಯವರೆಗೆ ಕೋವಿಯಿರುವ ಪ್ರತಿ ಮನೆಯವರಲ್ಲೂ ನನ್ನದೊಂದು ಕೇಳಿಕೆ: ಈಡು ಹೊಡೆದ ದಿನವೇ ತೊಳೆಯಿರಿ, ತುಂಬಿದ ಕೋವಿಯನ್ನು ಮನೆಯೊಳಗೆ ಇಡಬೇಡಿ.